ಯಶವಂತಪುರದ ಮಂಡಿಯಲ್ಲಿ ಉದ್ರಿಯ ಲೆಕ್ಕ

ಬೆಂಗಳೂರಿನಲ್ಲಿ ಒಂದು ಈರುಳ್ಳಿ-ಆಲೂಗಡ್ಡೆ ಮಂಡಿ ಬಾಗಿಲು ಹಾಕಿತು ಎಂದರೆ ಹೊರಗಿನವರು ಮೊದಲು ಕೇಳುವುದು ಬೆಲೆಯ ಬಗ್ಗೆ. ರೇಟ್ ಬಿದ್ದಿತ್ತಾ, ಮಾಲು ಕೊಳೆಯಿತಾ ಎಂದು. ಯಶವಂತಪುರದ ಎಪಿಎಂಸಿ ಸಗಟು ಮಾರುಕಟ್ಟೆಯ, ಅಂದರೆ ಯಾರ್ಡಿನ, ಒಳಗಿನವರು ಕೇಳುವ ಪ್ರಶ್ನೆಯೇ ಬೇರೆ: "ಯಾರ ಹತ್ರ ಸಿಕ್ಕಾಕ್ಕೊಂಡಿತ್ತಂತೆ?"

ಬೆಲೆ ಬಿದ್ದರೆ ಮೊದಲ ಪೆಟ್ಟು ರೈತನಿಗೆ. ಮಂಡಿ ನಡೆಸುವ ಕಮಿಷನ್ ಏಜೆಂಟನ ಆದಾಯ ಇಳಿಯುತ್ತದೆ, ಆದರೆ ಬಂಡವಾಳ ಕರಗುವುದಿಲ್ಲ. ಬಂಡವಾಳ ಕರಗುವುದು ಮಾಲು ಒಯ್ದವನು ದುಡ್ಡು ಕೊಡದೆ ಹೋದಾಗ. ಹಾಗೆ ಕೈಕೊಡುವವನು ಸಾಮಾನ್ಯವಾಗಿ ಹೊಸಬನೂ ಆಗಿರುವುದಿಲ್ಲ. ಹೊಸಬನಿಗೆ ಯಾರೂ ಉದ್ರಿ ಕೊಡುವುದಿಲ್ಲವಲ್ಲ! ಎಂಟು ಹತ್ತು ವರ್ಷದಿಂದ ಬೆಳಗಿನ ಜಾವ ಬಂದು ಟೀ ಕುಡಿದು ಹೋಗುವ, ಮನೆಯ ಗೃಹಪ್ರವೇಶಕ್ಕೆ ಕರೆದ ಹಳೇ ಪಾರ್ಟಿಯೇ ಆಗಿರುತ್ತಾನೆ. ಗಿರಾಕಿ ಜೊತೆ ಸಂಬಂಧ ಚೆನ್ನಾಗಿದ್ದರೆ ವ್ಯಾಪಾರ ಚೆನ್ನಾಗಿರುತ್ತದೆ ಎಂಬ ಮಾತನ್ನು ಅದಕ್ಕೇ ಅರ್ಧ ಮಾತ್ರ ನಂಬಬೇಕು. ಗಿರಾಕಿಯ ಬಗ್ಗೆ ಏನೇನು ಗೊತ್ತಿದೆ ಎನ್ನುವುದು ಮಂಡಿಯ ಆಸ್ತಿ. ಗಿರಾಕಿಗೆ "ಇಲ್ಲ" ಎನ್ನಲಾಗದ ಮುಲಾಜು ಅದರ ಸಾಲ. ಎರಡಕ್ಕೂ ನಾವು ಸಂಬಂಧ ಎಂಬ ಒಂದೇ ಹೆಸರಿಟ್ಟಿದ್ದೇವೆ.

ಒಂದು ಲೋಡಿನ ಗಣಿತ

ಹತ್ತು ಟನ್ನಿನ ಒಂದು ಲಾರಿ ಈರುಳ್ಳಿ ಬಂತು ಎಂದಿಟ್ಟುಕೊಳ್ಳಿ. 50 ಕಿಲೋ ಚೀಲದ ಲೆಕ್ಕದಲ್ಲಿ 200 ಚೀಲ. ಕಿಲೋಗೆ 20 ರೂಪಾಯಿಯಂತೆ ಮಾರಿದರೆ 2 ಲಕ್ಷ. ಕಮಿಷನ್ ಶೇ. 5 ಹಿಡಿದರೆ ಮಂಡಿಗೆ 10,000 ರೂಪಾಯಿ. ಅಂಗಡಿ ಬಾಡಿಗೆ, ಗುಮಾಸ್ತರ ಸಂಬಳ, ಫೋನು, ಓಡಾಟ, ಅಲ್ಲಲ್ಲಿ ಬಿಟ್ಟುಕೊಟ್ಟ ಚಿಲ್ಲರೆ ಎಲ್ಲ ಕಳೆದು 4,000 ಉಳಿಯಿತು ಎನ್ನೋಣ. ಈ ಲೋಡಿನಲ್ಲಿ 40 ಚೀಲ ಉದ್ರಿ ಒಯ್ದ ಒಬ್ಬನೇ ಒಬ್ಬ ಕೈಕೊಟ್ಟರೆ 40,000 ಹೋಯಿತು. ಅದನ್ನು ತುಂಬಲು ಇಂಥ ಹತ್ತು ಲೋಡು ಮಾರಬೇಕು, ಆ ಹತ್ತರಲ್ಲಿ ಒಂದು ಪೈಸೆಯೂ ಬಾಕಿ ಉಳಿಯಬಾರದು.

ಇಲ್ಲಿ ಒಂದು ವಿಷಯ ಮರೆಯುವಂತಿಲ್ಲ. ಮಂಡಿಯವನು ಮಾರುವುದು ರೈತನ ಮಾಲನ್ನು. ಆದರೆ ರೈತನಿಗೆ ದುಡ್ಡು ಕೊಡುವ ಹೊಣೆ ಅವನದೇ. ಮಾಲು ಒಯ್ದವನು ಯಾವಾಗ ಕೊಡುತ್ತಾನೆ ಎನ್ನುವುದಕ್ಕೂ ರೈತನಿಗೂ ಸಂಬಂಧವಿಲ್ಲ. ತೂಕ ಮುಗಿದು ಚೀಟಿ ಆಯಿತೆಂದರೆ ರೈತ ಊರಿಗೆ ಹೊರಡಬೇಕು. ಹೀಗಾಗಿ ಕಮಿಷನ್ ಎನ್ನುವುದು ಬರೀ ಕೊಡುವವನನ್ನೂ ಕೊಳ್ಳುವವನನ್ನೂ ಕೂಡಿಸಿದ ಕೂಲಿಯಲ್ಲ. ಅದರಲ್ಲಿ ದೊಡ್ಡ ಪಾಲು ನಡುವೆ ನಿಂತು ಜಾಮೀನು ಹಾಕಿದ್ದಕ್ಕೆ ಸಿಗುವ ಪ್ರತಿಫಲ. ಇದನ್ನು ಮರೆತು ಆ ದುಡ್ಡನ್ನೆಲ್ಲ ಲಾಭವೆಂದು ಖರ್ಚು ಮಾಡುವ ಮಂಡಿಗೆ ಮೊದಲ ಕೆಟ್ಟ ವರ್ಷವೇ ಕೊನೆಯ ವರ್ಷ.

ದುಡ್ಡು ಮುಳುಗಲೇಬೇಕೆಂದೂ ಇಲ್ಲ, ತಡವಾದರೂ ಸಾಕು. ದಿನಕ್ಕೆ 3 ಲಕ್ಷದ ಮಾಲು 15 ದಿನದ ಉದ್ರಿಯಲ್ಲಿ ಮಾರುವ ಮಂಡಿಯ 45 ಲಕ್ಷ ಸದಾ ಪೇಟೆಯಲ್ಲಿರುತ್ತದೆ. ಅದೇ ಉದ್ರಿ 10 ದಿನಕ್ಕೆ ಇಳಿದರೆ 30 ಲಕ್ಷ ಸಾಕು. ಐದು ದಿನದ ವ್ಯತ್ಯಾಸಕ್ಕೆ 15 ಲಕ್ಷ. ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿಯಲ್ಲಿ ತಂದ ದುಡ್ಡಾದರೆ ತಿಂಗಳಿಗೆ 22,500 ರೂಪಾಯಿ, ಅಂದರೆ ಒಬ್ಬ ಗುಮಾಸ್ತನ ಸಂಬಳ. ಇಷ್ಟು ದುಡ್ಡು ಉಳಿಸಲು ಹೊಸ ಗಿರಾಕಿ ಹುಡುಕಬೇಕಿಲ್ಲ, ರೇಟ್ ಏರಿಸಬೇಕಿಲ್ಲ. ಇರುವ ಗಿರಾಕಿಗಳು ಐದು ದಿನ ಮುಂಚೆ ಕೊಟ್ಟರೆ ಆಯಿತು.

ರೇಟ್ ಏರಿದಾಗ ಕಾಣದಂತೆ ಬೆಳೆಯುವ ಸಾಲ

ಯಾರ್ಡಿನಲ್ಲಿ ಉದ್ರಿಯ ಮಿತಿಯನ್ನು ಹೆಚ್ಚಿನವರು ಚೀಲದಲ್ಲಿ ಲೆಕ್ಕ ಹಾಕುತ್ತಾರೆ, ರೂಪಾಯಿಯಲ್ಲಲ್ಲ. "ಅವನು ಇಪ್ಪತ್ತು ಚೀಲದ ಪಾರ್ಟಿ" ಎಂದರೆ ಅವನಿಗೆ ಇಪ್ಪತ್ತು ಚೀಲದವರೆಗೆ ಯಾರನ್ನೂ ಕೇಳದೆ ಹಾಕಬಹುದು ಎಂದು ಗುಮಾಸ್ತನಿಗೆ ಗೊತ್ತು. ಕಿಲೋಗೆ 20 ಇದ್ದಾಗ ಅದು 20,000 ರೂಪಾಯಿಯ ನಂಬಿಕೆ. ರೇಟ್ 60 ಆದರೆ ಅದೇ ಇಪ್ಪತ್ತು ಚೀಲ 60,000. ಯಾರೂ ಕೂತು ತೀರ್ಮಾನ ಮಾಡಿಲ್ಲ, ಆದರೂ ಆ ಪಾರ್ಟಿಯ ಮೇಲಿನ ಸಾಲ ಮೂರು ಪಟ್ಟಾಯಿತು.

2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಕೆಲವು ಅಂಗಡಿಗಳಲ್ಲಿ ಈರುಳ್ಳಿ ಕಿಲೋಗೆ 200 ರೂಪಾಯಿ ಮುಟ್ಟಿತ್ತು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ದಾಟಿತ್ತು. ಇಂಥ ತಿಂಗಳುಗಳಲ್ಲಿ ಚಿಲ್ಲರೆ ಅಂಗಡಿಯವನ ಸ್ಥಿತಿ ನೋಡಿ. ಐದು ಕಿಲೋ ಒಯ್ಯುತ್ತಿದ್ದ ಮನೆಯವರು ಒಂದು ಕಿಲೋಗೆ ಇಳಿಯುತ್ತಾರೆ. ಅವನು ಕೊಂಡ ಮಾಲಿನ ಬೆಲೆ ಮೂರು ಪಟ್ಟು, ಮಾರಾಟ ಅರ್ಧ, ಕೊಳೆತ ಒಂದೊಂದು ಗೆಡ್ಡೆಯ ನಷ್ಟವೂ ಮೂರು ಪಟ್ಟು. ಅವನ ಕೈ ಬಿಗಿಯುವುದೂ, ಮಂಡಿಯ ದುಡ್ಡು ಅವನ ಹತ್ತಿರ ಹೆಚ್ಚು ಸಿಕ್ಕಿಕೊಳ್ಳುವುದೂ ಒಂದೇ ಹೊತ್ತಿಗೆ. ದೊಡ್ಡ ಬಾಕಿಗಳು ಹುಟ್ಟುವುದು ರೇಟ್ ಬಿದ್ದ ಕಾಲದಲ್ಲಲ್ಲ, ಏರಿದ ಕಾಲದಲ್ಲಿ. ಅದು ಕಣ್ಣಿಗೆ ಬೀಳುವುದು ಮಾತ್ರ ರೇಟ್ ಇಳಿದ ಮೇಲೆ.

ಇದಕ್ಕೆ ಮದ್ದು ಸರಳ. ಖಾತೆಯಲ್ಲಿ ಪ್ರತಿ ಪಾರ್ಟಿಯ ಹೆಸರಿನ ಮುಂದೆ ಎರಡು ಸಂಖ್ಯೆ ಇರಬೇಕು: ಇಷ್ಟು ಚೀಲ, ಇಷ್ಟು ರೂಪಾಯಿ. ಎರಡರಲ್ಲಿ ಯಾವುದು ಮೊದಲು ಮುಟ್ಟುತ್ತದೋ ಅಲ್ಲಿಗೆ ನಿಲ್ಲಿಸಬೇಕು. ರೇಟ್ ಏರಿದ ವಾರ "ಈ ಸಲ ಹತ್ತೇ ಚೀಲ ಅಣ್ಣ, ಎಲ್ಲರಿಗೂ ಹಂಚಬೇಕು" ಎಂದರೆ ಗಿರಾಕಿಗೂ ಬೇಸರವಾಗುವುದಿಲ್ಲ. ಮಾಲಿನ ಅಭಾವ ಆಗ ಹೇಗೂ ಇದ್ದೇ ಇರುತ್ತದೆ. ಅದೇ ಮಾತನ್ನು ರೇಟ್ ಇಳಿದು, ಮಾಲು ರಾಶಿ ಬಿದ್ದ ಮೇಲೆ ಹೇಳಿದರೆ ಅವಮಾನವಾಗುತ್ತದೆ.

ಯಾವ ಗಿರಾಕಿ, ಯಾವ ತಾರೀಖು

ಬೆಂಗಳೂರಿನ ಸಗಟು ಗಿರಾಕಿಗಳೆಲ್ಲ ಒಂದೇ ತೂಕದವರಲ್ಲ. ಪ್ರತಿಯೊಬ್ಬನ ಕೈಗೆ ದುಡ್ಡು ಬರುವ ದಿನ ಬೇರೆ. ಅದನ್ನು ತಿಳಿದು ವಸೂಲಿ ತಾರೀಖು ಇಡುವುದರಲ್ಲಿ ಅರ್ಧ ಸಂಬಂಧ ಉಳಿಯುತ್ತದೆ.

ತಳ್ಳುಗಾಡಿಯವನು ಒಂದೆರಡು ಚೀಲ ಒಯ್ಯುತ್ತಾನೆ, ಮರುದಿನ ಬೆಳಿಗ್ಗೆ ದುಡ್ಡು ತಂದು ಮತ್ತೆ ಎರಡು ಚೀಲ ಕೇಳುತ್ತಾನೆ. ನಿನ್ನೆಯ ಬಾಕಿ ಕಟ್ಟದೆ ಇವತ್ತಿನ ಗಾಡಿ ಹೊರಡುವುದಿಲ್ಲವಾದ್ದರಿಂದ ಅವನಷ್ಟು ನೆಟ್ಟಗೆ ಕೊಡುವವರು ಯಾರ್ಡಿನಲ್ಲಿ ಕಡಿಮೆ. ಅವನನ್ನು ಕಾಯಿಸಿ ದೊಡ್ಡ ಪಾರ್ಟಿಗೆ ಮೊದಲು ಲೋಡ್ ಮಾಡುವ ಮಂಡಿಗಳೇ ಹೆಚ್ಚು. ಇದು ತಪ್ಪು ಲೆಕ್ಕ.

ದರ್ಶಿನಿ ಹೋಟೆಲಿನ ಗಲ್ಲಾದಲ್ಲಿ ದಿನವೂ ದುಡ್ಡು ಬೀಳುತ್ತದೆ. ವಾರಕ್ಕೊಮ್ಮೆ ಚುಕ್ತಾ ಮಾಡುವುದು ಅದಕ್ಕೆ ಕಷ್ಟವೇ ಅಲ್ಲ. ಅಂಥ ಹೋಟೆಲು ತಿಂಗಳ ಉದ್ರಿ ಕೇಳಿತೆಂದರೆ ಗಲ್ಲಾದ ದುಡ್ಡು ಬೇರೆಲ್ಲೋ ತಿರುಗುತ್ತಿದೆ: ಹೊಸ ಶಾಖೆಯ ಅಡ್ವಾನ್ಸಿಗೋ, ಚೀಟಿಗೋ, ಹಳೆ ಸಾಲದ ಬಡ್ಡಿಗೋ. ಪಿಜಿ ನಡೆಸುವವರ ಕಥೆ ಬೇರೆ. ಹುಡುಗರಿಂದ ಬಾಡಿಗೆ ಬರುವುದು ತಿಂಗಳ ಮೊದಲ ವಾರದಲ್ಲಿ. ಅವರನ್ನು 25ನೇ ತಾರೀಖು ಪೀಡಿಸಿದರೆ ಜಗಳವಾಗುತ್ತದೆ, 10ನೇ ತಾರೀಖು ಕೇಳಿದರೆ ಬರುತ್ತದೆ, 20ರವರೆಗೆ ಬಿಟ್ಟರೆ ಆ ದುಡ್ಡು ಬೇರೆ ಅಂಗಡಿಗೆ ಹೋಗಿರುತ್ತದೆ.

ಅಡುಗೆ ಕಾಂಟ್ರಾಕ್ಟಿನವರಿಗೆ ಮುಹೂರ್ತದ ತಿಂಗಳುಗಳೇ ಸುಗ್ಗಿ. ಆಷಾಢ ಬಂದರೆ ಮದುವೆಯಿಲ್ಲ, ಧನುರ್ಮಾಸದಲ್ಲೂ ಇಲ್ಲ. ಜ್ಯೇಷ್ಠ ಮುಗಿಯುವುದರೊಳಗೆ ಅವರ ಖಾತೆ ಸೊನ್ನೆಗೆ ಬರಬೇಕು. ಆಷಾಢಕ್ಕೆ ದಾಟಿದ ಬಾಕಿ ಶ್ರಾವಣದ ಮುಂಗಡ ಸಿಗುವವರೆಗೆ ಅಲ್ಲಾಡುವುದಿಲ್ಲ, ಆ ಮುಂಗಡದಲ್ಲೂ ಹೊಸ ಮದುವೆಯ ಸಾಮಾನಿಗೆ ಮೊದಲ ಪಾಲು.

ದೊಡ್ಡ ಕಂಪನಿಗಳು, ಅಂದರೆ ಆನ್‌ಲೈನ್ ದಿನಸಿ ಮತ್ತು ಸೂಪರ್ ಮಾರ್ಕೆಟಿನವರು, ದುಡ್ಡು ಮುಳುಗಿಸುವುದು ಅಪರೂಪ. ಅವರ ತೊಂದರೆ ರಿಜೆಕ್ಷನ್. ಬೆಳಿಗ್ಗೆ ಐದಕ್ಕೆ ಕಳಿಸಿದ ನೂರು ಚೀಲದಲ್ಲಿ ಹನ್ನೆರಡು ಚೀಲ "ಸೈಜ್ ಇಲ್ಲ, ತೇವ ಇದೆ" ಎಂದು ಮಧ್ಯಾಹ್ನ ಎರಡಕ್ಕೆ ವಾಪಸ್ ಬರುತ್ತದೆ. ಅಷ್ಟು ಹೊತ್ತಿಗೆ ಪೇಟೆ ಮುಗಿದಿರುತ್ತದೆ. ವಾಪಸ್ ಬಂದ ಮಾಲು ಎಂದು ಗೊತ್ತಾದರೆ ಮರುದಿನವೂ ಯಾರೂ ಒಳ್ಳೆಯ ರೇಟ್ ಕೇಳುವುದಿಲ್ಲ. ರೈತನಿಗೆ ಮಾತ್ರ ಬೆಳಗಿನ ರೇಟಿನಲ್ಲಿ ಲೆಕ್ಕ ಮುಗಿಸಿ ಆಗಿರುತ್ತದೆ. ಕಂಪನಿ ಜೊತೆ ವ್ಯವಹಾರ ಮಾಡುವವರು ಸೈಜನ್ನು ಮಿಲಿಮೀಟರಿನಲ್ಲೇ ಬರೆಸಿಕೊಳ್ಳಬೇಕು: 45ರಿಂದ 65 ಎಂದರೆ 45ರಿಂದ 65. ನೂರಕ್ಕೆ ಎಷ್ಟು ಗೆಡ್ಡೆ ಸಣ್ಣದಿರಬಹುದು, ಎಷ್ಟು ಗಂಟೆಯೊಳಗೆ ರಿಜೆಕ್ಷನ್ ಹೇಳಬೇಕು ಎಂಬುದೂ ಬರಹದಲ್ಲಿರಬೇಕು. ಲೋಡ್ ಮಾಡುವಾಗ ಚೀಲ ಬಿಚ್ಚಿ ತೆಗೆದ ಫೋಟೊ ಅದೇ ನಿಮಿಷ ಅವರ ಖರೀದಿ ಮಾಡುವವರಿಗೆ ಹೋಗಬೇಕು. ಆರು ತಿಂಗಳು ಹೀಗೆ ನಡೆದರೆ ಅವರ ಗೇಟಿನಲ್ಲಿ ನಿಮ್ಮ ಚೀಲ ಬಿಚ್ಚುವ ಪ್ರಮಾಣವೇ ಕಡಿಮೆಯಾಗುತ್ತದೆ.

ಚಿಪ್ಸ್ ಅಂಗಡಿಯ ಆಲೂಗಡ್ಡೆ

ದುಡ್ಡಿನ ಆಚೆಗೆ ಗಿರಾಕಿಯನ್ನು ಹಿಡಿದಿಡುವುದು ಏನು ಎಂದು ಕೇಳಿದರೆ ಆಲೂಗಡ್ಡೆಯ ಉದಾಹರಣೆ ಸಾಕು. ಮುಂಗಾರಿನಲ್ಲಿ ಬಿತ್ತಿದ ಹಾಸನದ ಆಲೂಗಡ್ಡೆ ಬರುವ ಮುಂಚಿನ ತಿಂಗಳುಗಳಲ್ಲಿ ಆಗ್ರಾ ಕಡೆಯ ಕೋಲ್ಡ್ ಸ್ಟೋರೇಜ್ ಮಾಲು ಬೆಂಗಳೂರಿಗೆ ಧಾರಾಳ ಬರುತ್ತದೆ. ನೋಡಲು ಚೆಂದ, ಮೊಳಕೆಯಿಲ್ಲ, ಸಾಂಬಾರಿಗೆ, ಪಲ್ಯಕ್ಕೆ ಏನೂ ತೊಂದರೆಯಿಲ್ಲ. ಆದರೆ 2ರಿಂದ 4 ಡಿಗ್ರಿ ಚಳಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಆಲೂಗಡ್ಡೆಯಲ್ಲಿ ಪಿಷ್ಟ ಒಡೆದು ಸಕ್ಕರೆಯಾಗಿರುತ್ತದೆ. ಕಾದ ಎಣ್ಣೆಗೆ ಬಿದ್ದಾಗ ಆ ಸಕ್ಕರೆ ಕಂದುಬಣ್ಣಕ್ಕೆ ತಿರುಗುತ್ತದೆ, ರುಚಿ ಕಹಿಯಾಗುತ್ತದೆ. ಬಡಾವಣೆಯ ಹಾಟ್ ಚಿಪ್ಸ್ ಅಂಗಡಿಯವನಿಗೆ ಇಂಥ ಹತ್ತು ಚೀಲ ಹೋದರೆ ಅವನ ಒಂದು ದಿನದ ಎಣ್ಣೆಯೂ ಹಾಳು, ಹೆಸರೂ ಹಾಳು.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಬೇರೆ ಬೇರೆ ಚೀಲದಿಂದ ನಾಲ್ಕು ಗೆಡ್ಡೆ ತೆಗೆದು, ನಡುವಿನಿಂದ ತೆಳ್ಳಗೆ ಬಿಲ್ಲೆ ಕೊಯ್ದು, ಹತ್ತಿರದ ಬೋಂಡಾ ಅಂಗಡಿಯ ಬಾಣಲೆಗೆ ಬಿಟ್ಟರೆ ಮೂರು ನಾಲ್ಕು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಹೊಂಬಣ್ಣಕ್ಕೆ ನಿಂತರೆ ಚಿಪ್ಸಿಗೆ ಆದೀತು. ಕಂದು ಬಣ್ಣ ಮಚ್ಚೆಮಚ್ಚೆಯಾಗಿ ಎದ್ದರೆ ಆ ಲಾಟು ಹೋಟೆಲಿಗೆ, ಚಿಪ್ಸಿನವನಿಗೆ ಬೇಡ. ಬೇರೆ ಮಾಲೇ ಇಲ್ಲವೆಂದಾದರೆ ಚೀಲಗಳನ್ನು ಗಾಳಿಯಾಡುವ ಕಡೆ ಸುಮಾರು ಎರಡು ವಾರ ಸಾಮಾನ್ಯ ಉಷ್ಣತೆಯಲ್ಲಿ ಇಟ್ಟರೆ ಸಕ್ಕರೆ ಒಂದಷ್ಟು ಇಳಿಯುತ್ತದೆ, ಆದರೆ ಮೊಳಕೆಯ ಅಪಾಯ ಶುರುವಾಗುತ್ತದೆ.

"ಇದು ಸ್ಟೋರೇಜ್ ಮಾಲು, ನಿಮಗೆ ಆಗಲ್ಲ, ಗುರುವಾರ ಬನ್ನಿ" ಎಂದು ಹತ್ತು ಚೀಲದ ವ್ಯಾಪಾರ ಬಿಟ್ಟುಕೊಟ್ಟ ಮಂಡಿಗೆ ಆ ಅಂಗಡಿಯವನು ಗುರುವಾರವೂ ಬರುತ್ತಾನೆ, ಆಮೇಲೆ ಚೀಲ ಬಿಚ್ಚಿ ನೋಡುವುದನ್ನೂ ಬಿಡುತ್ತಾನೆ. ರೇಟಿನಲ್ಲಿ ಕಿಲೋಗೆ ಐವತ್ತು ಪೈಸೆ ಪಕ್ಕದ ಅಂಗಡಿಯಲ್ಲಿ ಕಡಿಮೆ ಇದ್ದರೂ ಅಲ್ಲಿಗೆ ಹೋಗುವುದಿಲ್ಲ, ಯಾಕೆಂದರೆ ಒಂದು ಸಲ ಎಣ್ಣೆ ಹಾಳಾಗುವ ಖರ್ಚು ಅವನಿಗೆ ಗೊತ್ತು. ಈರುಳ್ಳಿಯಲ್ಲೂ ಇದೇ ಕಥೆ. ಮಳೆಯಲ್ಲಿ ಕಿತ್ತ ಚಿತ್ರದುರ್ಗ, ಗದಗ ಕಡೆಯ ಹಸಿ ಮಾಲು ದಾಸ್ತಾನಿಗೆ ಬರುವುದಿಲ್ಲ. ಕುತ್ತಿಗೆ ಒಣಗದ ಗೆಡ್ಡೆ ಮೇಲಿನಿಂದ ಕೊಳೆಯಲು ಶುರುಮಾಡುತ್ತದೆ, ಚೀಲದ ಮೇಲೆ ಚೀಲ ಒಟ್ಟಿದರೆ ಒಳಗೆ ಬಿಸಿಯೇರಿ ಮೂರನೇ ದಿನಕ್ಕೆ ನೀರು ಸೋರುತ್ತದೆ. ವಾರಕ್ಕೊಮ್ಮೆ ಕೊಳ್ಳುವವನಿಗೆ ನಾಸಿಕದ ಒಣ ಮಾಲು, ದಿನವೂ ಬರುವವನಿಗೆ ಹಸಿ ಮಾಲು ಎಂದು ವಿಂಗಡಿಸಿ ಹಾಕುವ ಗುಮಾಸ್ತನೇ ಮಂಡಿಯ ನಿಜವಾದ ಮಾರಾಟಗಾರ.

ಖಾತೆ ಏನು ಹೇಳುತ್ತದೆ

ಕೈಕೊಡುವ ಪಾರ್ಟಿ ಮುಂಚೆಯೇ ಸೂಚನೆ ಕೊಡುತ್ತಾನೆ, ಬಾಯಲ್ಲಲ್ಲ, ಖಾತೆಯಲ್ಲಿ. ಮೊದಲು ಬಿಲ್ಲಿಗೆ ಬಿಲ್ಲು ಚುಕ್ತಾ ಮಾಡುತ್ತಿದ್ದವನು 18,640 ಕೊಡುವ ಬದಲು 15,000 ಕೊಟ್ಟು "ಖಾತೆಗೆ ಹಾಕ್ಕೊಳ್ಳಿ" ಎನ್ನತೊಡಗುತ್ತಾನೆ. ಬಿಲ್ಲು ಮುರಿದು ದುಂಡು ಮೊತ್ತ ಬರಲು ಶುರುವಾದ ದಿನವೇ ಗುರುತು ಹಾಕಿಕೊಳ್ಳಬೇಕು. ಆಮೇಲೆ ಅವನ ಕೊಳ್ಳುವ ಪ್ರಮಾಣ ಕಾರಣವಿಲ್ಲದೆ ಏರುತ್ತದೆ: ಹಬ್ಬವಿಲ್ಲ, ರೇಟ್ ಏರುವ ಸುಳಿವಿಲ್ಲ, ಆದರೂ ಹದಿನೈದರ ಬದಲು ಮೂವತ್ತು ಚೀಲ. ಇದನ್ನು ಕಂಡು ಹಿಗ್ಗುವ ಮಂಡಿಯವರು ಬಹಳ. ಅನೇಕ ಸಲ ಆ ಮಾಲು ಅವನ ಅಂಗಡಿಗೇ ಹೋಗಿರುವುದಿಲ್ಲ. ಉದ್ರಿಯಲ್ಲಿ ತಂದದ್ದನ್ನು ಬೇರೆ ಕಡೆ ಒಂದೆರಡು ರೂಪಾಯಿ ಕಡಿಮೆಗೆ ನಗದಿಗೆ ಮಾರಿ ತುರ್ತಿನ ಸಾಲ ತೀರಿಸುತ್ತಿರುತ್ತಾನೆ. ಗಾಡಿ ಡ್ರೈವರ್ ಬದಲಾಗುವುದು, ಚೀಲ ಇಳಿಸುವ ಜಾಗ ಬದಲಾಗುವುದು ಇದರ ಜೊತೆಯ ಲಕ್ಷಣ. ಇದನ್ನು ಮೊದಲು ಗಮನಿಸುವವರು ಹಮಾಲರು. ಅವರನ್ನು ಕೇಳುವ ಅಭ್ಯಾಸ ಇಟ್ಟುಕೊಂಡ ಮಾಲೀಕರು ಕಡಿಮೆ.

ಆಮೇಲಿನ ಸೂಚನೆ ಪಕ್ಕದ ಮಂಡಿಯಲ್ಲಿ ಸಿಗುತ್ತದೆ. ನಿಮ್ಮಲ್ಲಿ ಬಾಕಿ ಇಟ್ಟು ಪಕ್ಕದವರಲ್ಲಿ ನಗದಿಗೆ ಕೊಳ್ಳುವವನನ್ನು "ನಮ್ಮಲ್ಲಿ ರೇಟ್ ಜಾಸ್ತಿ ಅನ್ನಿಸಿರಬೇಕು" ಎಂದು ಸಮಾಧಾನ ಮಾಡಿಕೊಂಡು ಬಿಡುವುದು ಸುಲಭ. ಆದರೆ ಅವನು ತಪ್ಪಿಸಿಕೊಂಡು ಓಡಾಡುತ್ತಿರುವುದು ರೇಟನ್ನಲ್ಲ, ನಿಮ್ಮ ಮುಖವನ್ನು. ಈ ಹಂತದಲ್ಲಿ ಕೂಗಾಡಿ ಪ್ರಯೋಜನವಿಲ್ಲ. ಹಳೆ ಬಾಕಿಯನ್ನು ಬೇರೆ ಪುಟಕ್ಕೆ ಎತ್ತಿ, ವಾರಕ್ಕಿಷ್ಟು ಎಂದು ಕಂತು ಕಟ್ಟಿ, ಹೊಸ ಮಾಲು ನಗದಿಗೇ ಆದರೂ ಕೊಡುತ್ತಿರುವುದು ಜಾಣತನ. ಬರುವುದನ್ನೇ ನಿಲ್ಲಿಸಿದ ಗಿರಾಕಿಯಿಂದ ವಸೂಲಿ ಆಗುವುದು ಬಹಳ ಕಡಿಮೆ.

ಕಾಗದದ ಕೆಲಸ ಇಲ್ಲೇ ಬೇಕಾಗುವುದು. ಸಾಲ ವಸೂಲಿ ದಾವೆಗೆ ಮೂರು ವರ್ಷದ ಕಾಲಮಿತಿಯಿದೆ. ಆ ಮೂರು ವರ್ಷ ಮುಗಿಯುವ ಮುಂಚೆ ಬಾಕಿದಾರ "ಇಷ್ಟು ಬಾಕಿ ಇದೆ" ಎಂದು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಅಂದಿನಿಂದ ಕಾಲ ಹೊಸದಾಗಿ ಎಣಿಕೆಯಾಗುತ್ತದೆ. ಮಾರ್ಚ್ ಕೊನೆಯಲ್ಲಿ ಪ್ರತಿ ಪಾರ್ಟಿಯ ಬಾಕಿ ಪಟ್ಟಿಗೆ ಸಹಿ ಹಾಕಿಸಿಕೊಂಡರೆ ಇದು ತಾನಾಗಿ ಆಗುತ್ತದೆ. ಎಲ್ಲರಿಂದಲೂ ಹಾಕಿಸುವುದರಿಂದ ಯಾರಿಗೂ ತಮ್ಮ ಮೇಲೆ ಅನುಮಾನ ಎನ್ನಿಸುವುದಿಲ್ಲ. ಚೆಕ್ಕಿನ ವಿಷಯದಲ್ಲಿ ಸಮಯ ಇನ್ನೂ ಬಿಗಿ. ಬರೆದ ತಾರೀಖಿನಿಂದ ಮೂರು ತಿಂಗಳು ಮಾತ್ರ ಚೆಕ್ಕಿಗೆ ಜೀವ. ಬೌನ್ಸ್ ಆಯಿತೆಂದು ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು, ನೋಟಿಸು ಮುಟ್ಟಿದ ಮೇಲೆ ಕಟ್ಟಲು 15 ದಿನ, ಅದೂ ಮುಗಿದ ಒಂದು ತಿಂಗಳೊಳಗೆ ದೂರು. "ಮುಂದಿನ ವಾರ ಮತ್ತೆ ಹಾಕಿ ಅಣ್ಣ, ಖಾತೆಲಿ ದುಡ್ಡಿರತ್ತೆ" ಎಂಬ ಮಾತಿಗೆ ಕಾದು ಕಾದು ಚೆಕ್ಕಿನ ಅವಧಿಯೂ ನೋಟಿಸಿನ ಅವಧಿಯೂ ಮುಗಿಸಿಕೊಂಡವರಿಗೆ ಸಿವಿಲ್ ದಾವೆ ಬಿಟ್ಟರೆ ದಾರಿಯಿಲ್ಲ.

ಲಾರಿಯ ಮೇಲಿನ ಊರು

ಇಷ್ಟು ಹೊತ್ತು ಹೇಳಿದ್ದು ಕೊಳ್ಳುವವನ ಕಡೆ. ಮಂಡಿಗೆ ಇನ್ನೊಬ್ಬ ಗಿರಾಕಿ ಇದ್ದಾನೆ, ಮಾಲು ತರುವ ರೈತ. ಚಳ್ಳಕೆರೆ, ಹಿರಿಯೂರು ಕಡೆಯಿಂದ ಬರುವ ಒಂದು ಲಾರಿಯಲ್ಲಿ ಒಬ್ಬನದೇ ಮಾಲು ಇರುವುದು ಅಪರೂಪ. ನಾಲ್ಕೈದು ಜನ ಸೇರಿ ಬಾಡಿಗೆ ಹಂಚಿಕೊಂಡು, ಚೀಲದ ಮೇಲೆ ತಂತಮ್ಮ ಗುರುತು ಹಾಕಿ ತರುತ್ತಾರೆ. ಅವರಲ್ಲಿ ಒಬ್ಬನಿಗೆ ತೂಕದಲ್ಲಿ ಮೋಸವಾಯಿತು ಎನ್ನಿಸಿದರೆ ಮುಂದಿನ ವಾರ ಇಡೀ ಲಾರಿ ಬೇರೆ ಮಂಡಿಯ ಮುಂದೆ ನಿಂತಿರುತ್ತದೆ. ಒಬ್ಬ ರೈತನನ್ನು ಕಳೆದುಕೊಳ್ಳುವುದು ಎಂಬ ಲೆಕ್ಕವೇ ಇಲ್ಲಿಲ್ಲ. ಹೋದರೆ ಊರೇ ಹೋಗುತ್ತದೆ.

ಎಪಿಎಂಸಿ ಕಾಯ್ದೆಯ ಪ್ರಕಾರ ಕಮಿಷನ್ ಕೊಡಬೇಕಾದವನು ಖರೀದಿದಾರ, ರೈತನಲ್ಲ. ಆದರೂ ರೈತನ ಲೆಕ್ಕದಲ್ಲೇ ಕಮಿಷನ್ ಮುರಿದುಕೊಂಡು ಅಧಿಕೃತ ಬಿಲ್ಲಿನ ಬದಲು ಬಿಳಿ ಚೀಟಿ ಕೊಡುವುದು, ಚೀಲಕ್ಕೆ ಒಂದೆರಡು ಕಿಲೋ ಸುಮ್ಮನೆ ಕಳೆಯುವುದು ರಾಜ್ಯದ ಮಾರುಕಟ್ಟೆಗಳಲ್ಲಿ ಹಳೆಯ ರೋಗ. ರೈತ ಸುಮ್ಮನಿರುವುದು ಗೊತ್ತಿಲ್ಲದೆ ಅಲ್ಲ. ಬಿತ್ತನೆ ಕಾಲಕ್ಕೆ ಅದೇ ಮಂಡಿಯಿಂದ ಮುಂಗಡ ತಂದಿರುತ್ತಾನೆ, ಖಾಲಿ ಚೀಲ ತಂದಿರುತ್ತಾನೆ. ಮುಂಗಡ ತೀರುವವರೆಗೆ ಅವನು ಬರುತ್ತಾನೆ. ಮಂಡಿಯವನು ಇದನ್ನು ನಿಷ್ಠೆ ಎಂದು ತಿಳಿಯುತ್ತಾನೆ. ತೀರಿದ ವರ್ಷ ಗೊತ್ತಾಗುತ್ತದೆ ಅದು ಏನಾಗಿತ್ತೆಂದು. ಕೆಲವರು ತೀರುವವರೆಗೂ ಕಾಯುವುದಿಲ್ಲ, ಒಳ್ಳೆಯ ಮಾಲನ್ನು ತಮ್ಮನ ಹೆಸರಿನಲ್ಲಿ ಬೇರೆ ಕಡೆ ಇಳಿಸಿ ಸಣ್ಣ ಗೆಡ್ಡೆಯನ್ನು ಮುಂಗಡ ಕೊಟ್ಟವನಿಗೆ ತರುತ್ತಾರೆ.

ದಿನದ ಧಾರಣೆ ಈಗ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲೂ ವಾಟ್ಸಾಪಿನಲ್ಲೂ ಸಿಗುತ್ತದೆ. ಹೀಗಿದ್ದೂ ಲೋಡ್ ಮಾಡುವ ಮುಂಚೆ ರೈತ ಫೋನ್ ಮಾಡಿ "ರೇಟ್ ಹೆಂಗೈತಣ್ಣ?" ಎಂದು ಕೇಳುವುದು ನಿಂತಿಲ್ಲ. ಮಂಡಿಯವನು ಆ ದಿನದ ಅತಿ ಹೆಚ್ಚಿನ ರೇಟ್ ಹೇಳುತ್ತಾನೆ, ಅದು ಸುಳ್ಳೂ ಅಲ್ಲ. ಆದರೆ ಅದು ದಪ್ಪ, ಒಣಗಿದ, ಕೆಂಪು ಹೊಳಪಿನ ಮಾಲಿನ ರೇಟು. ರೈತನ ಚೀಲ ಬಿಚ್ಚಿದಾಗ ಮಧ್ಯಮ ಗೆಡ್ಡೆ ಇರುತ್ತದೆ, ರೇಟ್ ಆರು ರೂಪಾಯಿ ಕಡಿಮೆಯಾಗುತ್ತದೆ, ಅವನು ಮೋಸ ಹೋದೆ ಎಂದುಕೊಂಡು ಹೋಗುತ್ತಾನೆ. ದಪ್ಪ, ಮಧ್ಯಮ, ಸಣ್ಣ ಮೂರರ ರೇಟನ್ನೂ ಬೇರೆ ಬೇರೆ ಹೇಳಿ, ಇವತ್ತು ಎಷ್ಟು ಲಾರಿ ಬಂದಿದೆ ಎಂಬುದನ್ನೂ ಸೇರಿಸಿ, "ಒಂದು ಚೀಲ ನೆಲಕ್ಕೆ ಸುರಿದು ವಿಡಿಯೊ ಕಳಿಸು" ಎಂದರೆ ಈ ಜಗಳವೇ ಹುಟ್ಟುವುದಿಲ್ಲ. ಆವಕ ಹೆಚ್ಚಿದ್ದ ದಿನ "ಎರಡು ದಿನ ತಡಿ" ಎಂದು ಹೇಳಿ ಅವತ್ತಿನ ಕಮಿಷನ್ ಬಿಟ್ಟ ಮಂಡಿಗೆ ರೈತ ಮುಂಗಡವಿಲ್ಲದೆಯೂ ಬರುತ್ತಾನೆ. ಇದಕ್ಕಿಂತ ಅಗ್ಗದ ದಾರಿ ಒಂದೇ: ತೂಕವಾದ ದಿನವೇ ಖಾತೆಗೆ ದುಡ್ಡು ಹಾಕುವುದು.

ಜಾಗ ಬದಲಾದಾಗ, ದುಡ್ಡಿನ ದಾರಿ ಬದಲಾದಾಗ

2020ರಲ್ಲಿ ಕೋವಿಡ್ ಹೊತ್ತಿಗೆ ಯಶವಂತಪುರದ ಈರುಳ್ಳಿ-ಆಲೂಗಡ್ಡೆ ವ್ಯಾಪಾರವನ್ನು ದಾಸನಪುರಕ್ಕೂ, ಕಲಾಸಿಪಾಳ್ಯದ ತರಕಾರಿ ಸಗಟು ವ್ಯಾಪಾರವನ್ನು ಸಿಂಗೇನ ಅಗ್ರಹಾರಕ್ಕೂ ಸಾಗಿಸಿದಾಗ ವ್ಯಾಪಾರಿಗಳು ಗಲಾಟೆ ಮಾಡಿದ್ದು ಬರೀ ಅಂಗಡಿಯ ಜಾಗಕ್ಕಲ್ಲ. ಚಿಲ್ಲರೆಯವನು ಬೆಳಗಿನ ಜಾವ ಒಂದು ಗೂಡ್ಸ್ ಆಟೊ ಬಾಡಿಗೆಗೆ ಹಿಡಿದು ಬರುತ್ತಾನೆ. ಒಂದೇ ಯಾರ್ಡಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಬೇಳೆ, ಬೆಲ್ಲ ಎಲ್ಲ ಸಿಕ್ಕರೆ ಬಾಡಿಗೆ ಗಿಟ್ಟುತ್ತದೆ. ಸರಕು ಎರಡು ಕಡೆ ಹಂಚಿಹೋದರೆ ಎಷ್ಟೇ ಹಳೆಯ ನಂಟಿದ್ದರೂ ಅವನು ಮನೆಗೆ ಹತ್ತಿರದ ಯಾರನ್ನಾದರೂ ಹಿಡಿಯುತ್ತಾನೆ. ಆಗ ಉಳಿದುಕೊಂಡದ್ದು ಹೆಚ್ಚಾಗಿ ಎರಡು ಬಗೆಯ ಗಿರಾಕಿಗಳು: ಫೋನಿನಲ್ಲೇ ಹೇಳಿ ಮಾಲು ತರಿಸಿಕೊಳ್ಳುವಷ್ಟು ನಂಬಿಕೆ ಇದ್ದವರು, ಮತ್ತು ಹಳೆ ಬಾಕಿ ಇದ್ದವರು.

2015ರಲ್ಲಿ ಬೆಂಗಳೂರಿನಲ್ಲೇ ಶುರುವಾದ ನಿಂಜಾಕಾರ್ಟಿನಂಥ ಕಂಪನಿಗಳು ಹಿಡಿದದ್ದು ಈ ಎಳೆಯನ್ನೇ. ರೈತನಿಂದ ತಂದು ಅಂಗಡಿಯ ಬಾಗಿಲಿಗೆ ಇಳಿಸಿದರೆ ಆಟೊ ಬಾಡಿಗೆಯೂ ಉಳಿಯುತ್ತದೆ, ನಿದ್ದೆಯೂ ಉಳಿಯುತ್ತದೆ. ಮಂಡಿಗಳು ಅವರ ಎದುರು ರೇಟಿನಲ್ಲಿ ಸೋತದ್ದಕ್ಕಿಂತ ಬಾಗಿಲಿಗೆ ತಲುಪಿಸುವುದರಲ್ಲಿ ಸೋತದ್ದು ಹೆಚ್ಚು. ಒಂದೇ ಬಡಾವಣೆಯ ಆರೇಳು ಅಂಗಡಿಗಳ ಮಾಲನ್ನು ಒಂದು ಟಾಟಾ ಏಸ್‌ಗೆ ಹಾಕಿ, ಬಾಡಿಗೆ ಚೀಲಕ್ಕಿಷ್ಟು ಎಂದು ಹಂಚುವ ಮಂಡಿಗಳು ಗಿರಾಕಿಗಳನ್ನು ಉಳಿಸಿಕೊಂಡಿವೆ. ಹತ್ತು ನಿಮಿಷದ ಡೆಲಿವರಿಯವರು ಈಗ ಚಿಲ್ಲರೆ ಅಂಗಡಿಯ ವ್ಯಾಪಾರವನ್ನೇ ತಿನ್ನುತ್ತಿರುವುದು ಇನ್ನೊಂದು ಚಿಂತೆ. ಅದು ಮಂಡಿಯ ಖಾತೆಯಲ್ಲಿ ಸದ್ದಿಲ್ಲದೆ ಕಾಣಿಸುತ್ತದೆ: ವಾರಕ್ಕೆ ನಾಲ್ಕು ದಿನ ಬರುತ್ತಿದ್ದವನು ಮೂರು ದಿನ ಬರುತ್ತಾನೆ, ಬಾಕಿ ಮಾತ್ರ ಮೊದಲಿನಷ್ಟೇ ಇರುತ್ತದೆ.

2025ರ ಜುಲೈನಲ್ಲಿ ಇದಕ್ಕೆ ಯುಪಿಐ ಗದ್ದಲವೂ ಸೇರಿತು. ಯುಪಿಐ ಜಮೆಯ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಬೆಂಗಳೂರಿನ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿಗಳು ಬಿದ್ದವು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ, ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ. ಆದರೂ ಅಂಜಿಕೆ ಹರಡಿತು. ಸಗಟಿನವನ ಮೇಲೆ ಇದರ ಪರಿಣಾಮ ನೇರ. ಯುಪಿಐನಲ್ಲಿ ಬಂದ ದುಡ್ಡಿಗೆ ತಾರೀಖೂ ಹೆಸರೂ ತಾನಾಗಿ ದಾಖಲಾಗುತ್ತದೆ. ನಗದು ವಸೂಲಿ ಹುಡುಗನ ಜೇಬಿನಲ್ಲಿ ಬರುತ್ತದೆ. ಯಾರ ಖಾತೆಗೆ ಎಷ್ಟು ಎಂಬುದು ಅವನ ನೆನಪಿನ ಮೇಲೆ ನಿಲ್ಲುತ್ತದೆ. ನಗದು ತೆಗೆದುಕೊಳ್ಳುವುದಾದರೆ ನಕಲು ಪ್ರತಿ ಉಳಿಯುವ ರಸೀದಿ ಪುಸ್ತಕ ಬೇಕು, ರಸೀದಿಯಲ್ಲಿ ಹಿಂದಿನ ಬಾಕಿ, ಕೊಟ್ಟದ್ದು, ಉಳಿದದ್ದು ಮೂರೂ ಇರಬೇಕು. ಒಬ್ಬನಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ, ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು ಎಂಬುದೂ ನೆನಪಿರಲಿ. ದೊಡ್ಡ ಪಾರ್ಟಿ ಹಬ್ಬದ ಬಾಕಿಯನ್ನೆಲ್ಲ ಒಟ್ಟಿಗೆ ಚೀಲದಲ್ಲಿ ತಂದಾಗ ಖುಷಿಯಲ್ಲಿ ಇದು ಮರೆತುಹೋಗುತ್ತದೆ.

ಬಾಕಿ ಕೇಳುವವರು ಯಾರು ಎನ್ನುವುದೂ ಗಮನಿಸಬೇಕಾದ ವಿಷಯ. ಮಾಲು ಹಾಕುವ ಗುಮಾಸ್ತನೇ ಬಾಕಿ ಕೇಳಿದರೆ ಗಿರಾಕಿ ಅವನನ್ನು ತಪ್ಪಿಸಿಕೊಂಡು ಓಡಾಡುತ್ತಾನೆ, ಮಾಲೂ ಒಯ್ಯುವುದಿಲ್ಲ. ಎರಡನ್ನೂ ಬೇರೆ ಮಾಡಿದ ಮಂಡಿಗಳಲ್ಲಿ ಮಾರುವವನು ಗಿರಾಕಿಯ ಕಡೆಯವನಂತೆ ಮಾತಾಡುತ್ತಾನೆ, "ಮೇಲೆ ಕೇಳಬೇಕಣ್ಣ, ಹಳೇದು ಸ್ವಲ್ಪ ಹಾಕಿಬಿಡಿ, ನಾನು ಮಾತಾಡ್ತೀನಿ" ಎನ್ನುತ್ತಾನೆ. ಮಾಲೀಕ ಗಲ್ಲಾದ ಮೇಲೆ ಕೂತು ತಲೆ ಎತ್ತದೆ ಖಾತೆ ತಿರುವುತ್ತಿರುತ್ತಾನೆ. ಗಿರಾಕಿ ಜೇಬಿನಿಂದ ಐದು ಸಾವಿರ ತೆಗೆದಿಡುತ್ತಾನೆ, ಎಂಟು ಚೀಲ ಆಟೊ ಏರುತ್ತದೆ.